ಕೆಂಪು ನುಡಿಯುವ ಸಾಕ್ಷ್ಯ

ಸಿರುಗುಪ್ಪ, ಕುರುಗೋಡು ಭಾಗದ ಮೆಣಸಿನಕಾಯಿ ಬೆಳೆಗಾರನಿಗೆ ಬಣ್ಣವೇ ಬೆಲೆ. ಬ್ಯಾಡಗಿಯ ಮಾರುಕಟ್ಟೆಗೆ ಚೀಲ ಹೊತ್ತೊಯ್ದರೆ ಖರೀದಿದಾರ ಮೊದಲು ನೋಡುವುದು ಕಾಯಿಯ ಕೆಂಪನ್ನು. ಆ ಕಾಯಿ ಪುಡಿಯಾಗಿ ಪೊಟ್ಟಣ ಸೇರಿ ಬಳ್ಳಾರಿಯ ಕಿರಾಣಿ ಅಂಗಡಿಗೆ ಬರುವ ಹೊತ್ತಿಗೆ ಅದರ ಕೆಂಪಿನಲ್ಲಿ ಹೊಲದ ಪಾಲೆಷ್ಟು, ಬಣ್ಣದ ಡಬ್ಬಿಯ ಪಾಲೆಷ್ಟು?

ಲೋಟದ ನೀರಿನ ಮೇಲೆ ಪುಡಿ ಉದುರಿಸಿ, ಬಣ್ಣದ ಗೆರೆಗಳು ಕೆಳಗಿಳಿದರೆ ಕಲಬೆರಕೆ ಎಂದು ತಿಳಿಯಿರಿ ಎಂಬ ಸಲಹೆ ಮನೆಮಾತಾಗಿದೆ. ಅದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ನೀರಿನಲ್ಲಿ ಕರಗುವ ಬಣ್ಣಗಳಷ್ಟೇ ಅದಕ್ಕೆ ಸಿಕ್ಕಿಬೀಳುತ್ತವೆ. 2003ರಲ್ಲಿ ಭಾರತದಿಂದ ಹೋದ ಮೆಣಸಿನ ಪದಾರ್ಥಗಳಲ್ಲಿ ಯುರೋಪಿನವರು ಪತ್ತೆಹಚ್ಚಿದ, 2005ರಲ್ಲಿ ಬ್ರಿಟನ್ನಿನ ಅಂಗಡಿಗಳಿಂದ ನಾನೂರಕ್ಕೂ ಹೆಚ್ಚು ಆಹಾರ ಉತ್ಪನ್ನಗಳನ್ನು ಹಿಂತೆಗೆಸಿದ ಸುಡಾನ್-1 ಎಣ್ಣೆಯಲ್ಲಿ ಕರಗುವ ಬಣ್ಣ. ಆಹಾರದಲ್ಲಿ ನಿಷಿದ್ಧವಾದ ಅದು ಲೋಟದ ನೀರಿನಲ್ಲಿ ಸಭ್ಯವಾಗಿ ಕುಳಿತಿರುತ್ತದೆ. ಎಣ್ಣೆಯಲ್ಲಿ ಕಲಸಿ ನೋಡಿದರೂ ಪ್ರಯೋಜನವಿಲ್ಲ. ಮೆಣಸಿನಕಾಯಿಯ ಸಹಜ ವರ್ಣವಾದ ಕ್ಯಾಪ್ಸಾಂಥಿನ್ ಕೂಡ ಎಣ್ಣೆಗೇ ಒಲಿಯುವಂಥದ್ದು. ಎರಡನ್ನೂ ಬೇರ್ಪಡಿಸಲು ಕ್ರೊಮಟೊಗ್ರಫಿಯೇ ಬೇಕು.

ಹಾಗಾದರೆ ಬಣ್ಣದ ಪರೀಕ್ಷೆಗಳು ವ್ಯರ್ಥವೇ? ಖಂಡಿತ ಅಲ್ಲ. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಆರತಿಗೆ ಕೆಂಪು ಓಕುಳಿ ಮಾಡುವ ನಮ್ಮ ಹೆಣ್ಣುಮಕ್ಕಳು ಮಾಡುವುದೂ ಅದನ್ನೇ: ಕ್ಷಾರ ತಗುಲಿದೊಡನೆ ಅರಿಶಿನದ ಕರ್ಕ್ಯುಮಿನ್ ಕೆಂಪಾಗುತ್ತದೆ. ವಿಯೆನ್ನಾದಲ್ಲಿ ಹುಟ್ಟಿ ಮುಂದೆ ಬ್ರೆಜಿಲ್‌ನಲ್ಲಿ ನೆಲೆಸಿದ ಫ್ರಿಟ್ಜ್ ಫೈಗಲ್ ಇಂಥ ಒಂದು ಹನಿಯ ಪರೀಕ್ಷೆಗಳನ್ನೇ ಶಾಸ್ತ್ರವಾಗಿ ಬೆಳೆಸಿದ.

ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದ ದಿನಗಳಲ್ಲಿ ವಿದ್ಯಾರ್ಥಿಗಳಿಗೆ ಅರಿಶಿನದ ಪರೀಕ್ಷೆಯನ್ನು ತಪ್ಪದೆ ಮಾಡಿಸುತ್ತಿದ್ದೆ. ಮೆಟಾನಿಲ್ ಯೆಲ್ಲೋ ಎಂಬ ನಿಷಿದ್ಧ ಬಣ್ಣವಿದ್ದರೆ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದೊಡನೆ ನೇರಳೆಗೆಂಪು ಮೂಡುತ್ತದೆ. ಅದನ್ನು ಕಂಡ ಹುಡುಗರು ಕೂಡಲೇ ‘ಕಲಬೆರಕೆ’ ಎಂದು ಬರೆದುಬಿಡುತ್ತಿದ್ದರು. ಗಾಢ ಆಮ್ಲದಲ್ಲಿ ಶುದ್ಧ ಅರಿಶಿನವೂ ಕೆಂಪಗಾಗಬಲ್ಲದು! ನೀರು ಬೆರೆಸಿದಾಗ ಬಣ್ಣ ಮಾಯವಾದರೆ ಅದು ಅರಿಶಿನದ್ದು, ಉಳಿದರೆ ಮಾತ್ರ ಮೆಟಾನಿಲ್ ಯೆಲ್ಲೋ ಎಂಬ ಶಂಕೆ. ಆ ಎರಡನೆಯ ಹೆಜ್ಜೆಯನ್ನು ಮರೆತವನು ನಿರಪರಾಧಿ ವ್ಯಾಪಾರಿಯನ್ನು ಬೀದಿಗೆಳೆಯುತ್ತಾನೆ. ಬಣ್ಣ ಹುಟ್ಟಿಸುವುದು ಸಂಶಯವನ್ನೇ ಹೊರತು ತೀರ್ಪನ್ನಲ್ಲ.

ಸಂಶಯಕ್ಕೆ ಉತ್ತರ ಪಡೆಯುವ ದಾರಿಯನ್ನು ಕಾನೂನು ಕೊಟ್ಟಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಮಿನ ಪ್ರಕಾರ ಸಾಮಾನ್ಯ ಗ್ರಾಹಕನೂ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ 14 ದಿನಗಳೊಳಗೆ ವರದಿ ಪಡೆಯಬಹುದು. ಪದಾರ್ಥ ಕಾಯ್ದೆಗೆ ವಿರುದ್ಧವಾಗಿದ್ದರೆ ಶುಲ್ಕ ವಾಪಸು. ಷರತ್ತು ಒಂದೇ: ಪರೀಕ್ಷೆಗೆ ಕಳುಹಿಸುವ ಉದ್ದೇಶವನ್ನು ಕೊಳ್ಳುವಾಗಲೇ ಅಂಗಡಿಯವನಿಗೆ ತಿಳಿಸಬೇಕು. ಬಳ್ಳಾರಿಯ ಯಾವ ಅಂಗಡಿಯಲ್ಲೂ ಆ ಮಾತು ಆಡಿದ ಗ್ರಾಹಕರನ್ನು ನಾನಿನ್ನೂ ಕಂಡಿಲ್ಲ.