ಮೀನಿನ ತೊಟ್ಟಿಗೆ ಹರಳು ಹಾಸುವ ಮುನ್ನ

ನಮ್ಮೂರು ದಢೇಸುಗೂರಿನ ಬಗಲಿಗೇ ತುಂಗಭದ್ರೆ. ಮನೆ ಕಟ್ಟುವಾಗ ಆ ಹೊಳೆಯ ಉಸುಕು ಸಾಣಿಗೆ ಹಿಡಿದರೆ ಮೇಲೆ ಉಳಿಯುತ್ತವಲ್ಲ, ಕಡಲೆಕಾಳಿನಷ್ಟು ಹರಳು? ಮೀನಿನ ತೊಟ್ಟಿಯ ತಳಕ್ಕೆ ಅವೇ ಸಾಕು. ಅಂಗಡಿಯ ಬಣ್ಣದ ಕಲ್ಲು ಬೇಕಿಲ್ಲ.

ಆದರೆ ನಮ್ಮ ಎರೆಭೂಮಿಯಲ್ಲಿ ಬೂದುಬಿಳುಪಿನ ಸುಣ್ಣದ ಹರಳು ಸಿಗುತ್ತವೆ. ಅವು ಸೇರಿದರೆ ನೀರು ದಿನದಿನಕ್ಕೆ ಗಡಸಾಗುತ್ತದೆ. ಅನುಮಾನ ಬಂದ ಕಲ್ಲಿನ ಮೇಲೆ ನಿಂಬೆಹಣ್ಣು ಹಿಂಡಿ, ಕಿವಿ ಹತ್ತಿರ ಹಿಡಿಯಿರಿ. ಸಣ್ಣಗೆ ಚುರ್ ಅಂದು ನೊರೆ ಎದ್ದರೆ ಸುಣ್ಣ, ಆರಿಸಿ ತೆಗೆಯಿರಿ. ಬೆಣಚುಕಲ್ಲು, ಗ್ರಾನೈಟ್ ಚೂರು ಸುಮ್ಮನಿರುತ್ತವೆ.

ಭತ್ತದ ಗದ್ದೆಯ ಬಸಿಗಾಲುವೆಯ ಹರಳು ಮಾತ್ರ ಬೇಡವೇ ಬೇಡ. ಹೊಲಕ್ಕೆ ಹೊಡೆದ ಔಷಧದ ಚೂರು ಅಂಶವೂ ಮೀನಿಗೆ ವಿಷ.

ಈಗ ತೊಳೆಯೋಣ. ಅರ್ಧ ಬಕೀಟು ಹರಳಿಗೆ ನೀರು ಹಾಕಿ, ಅಕ್ಕಿ ತೊಳೆದಂತೆ ಕೈಯಾಡಿಸಿ, ರಾಡಿ ಚೆಲ್ಲಿ. ಮತ್ತೆ ಹಾಕಿ, ಮತ್ತೆ ಚೆಲ್ಲಿ. ನೀರು ತಿಳಿಯಾಗುವ ತನಕ ಬಿಡಬೇಡಿ. ಸಾಬೂನು ಸೋಕಿಸಲೇಬಾರದು.

2 ಅಡಿ ಉದ್ದ, 1 ಅಡಿ ಅಗಲದ ತೊಟ್ಟಿಗೆ 2 ಇಂಚು ಹಾಸಲು ಸುಮಾರು 14 ಕೆಜಿ ಬೇಕು. ಹಿಂದೆ ಎತ್ತರ, ಮುಂದೆ ಇಳಿಜಾರು. ಮೇಲೊಂದು ತಟ್ಟೆ ಇಟ್ಟು, ಅದರ ಮೇಲೆ ನೀರು ಸುರಿಯಿರಿ; ಹರಳು ಕದಡುವುದಿಲ್ಲ.

ಈ ಹರಳಿನ ಮೈಮೇಲೆಯೇ ಬ್ಯಾಕ್ಟೀರಿಯಾ ನೆಲೆಸಿ, ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ಅವು ಬೆಳೆಯಲು ಕೆಲವು ವಾರ ಹಿಡಿಯುತ್ತದೆ. ಹಾಗಾಗಿ ಮೊದಲ ತಿಂಗಳು ಒಂದೆರಡೇ ಮೀನು ಬಿಡಿ.