ಸಾವಿರಕ್ಕೊಂದು ಕಬ್ಬಿಣ

ಬೆರಳ ನಡುವೆ ಹಿಡಿದರೆ ಅದು ಬರೀ ತಾಮ್ರದ ತಂತಿ. ಅದೇ ಕೆಂಪು ಹೊಳಪು, ಅದೇ ಬಳುಕು. ಸಾವಿರ ತಾಮ್ರದ ಪರಮಾಣುಗಳಿಗೆ ಒಂದರಂತೆ ಕಬ್ಬಿಣ ಬೆರೆತದ್ದು ಕಣ್ಣಿಗೆ ಕಾಣುವುದಿಲ್ಲ. ನಾಲ್ಕು ಎಳೆ ವೈರು ಬೆಸೆದೆ: ಹೊರಗಿನೆರಡು ಕರೆಂಟಿಗೆ, ಒಳಗಿನೆರಡು ವೋಲ್ಟೇಜಿಗೆ. ಉದ್ದ ಸರಳಿನ ತುದಿಗೆ ಕಟ್ಟಿ ದ್ರವ ಹೀಲಿಯಮ್ಮಿನ ಪಾತ್ರೆಯೊಳಗೆ ಬೆರಳಗಲದಷ್ಟು ಬೆರಳಗಲದಷ್ಟೇ ಇಳಿಸಿದೆ.

ಲೋಹ ತಣಿದಂತೆಲ್ಲ ಪರಮಾಣುಗಳ ಅಲುಗಾಟ ತಗ್ಗಿ ಎಲೆಕ್ಟ್ರಾನುಗಳ ಹಾದಿ ಸಲೀಸಾಗುತ್ತದೆ, ವಿದ್ಯುತ್ ರೋಧ ಇಳಿಯುತ್ತದೆ. ಇಳಿಯಿತು ಕೂಡ. ಆದರೆ 30 ಕೆಲ್ವಿನ್ ಆಸುಪಾಸಿನಲ್ಲಿ ಮೀಟರಿನ ಅಂಕಿ ನಿಂತು, ಮತ್ತೆ ಮೇಲಕ್ಕೆ ಹೊರಳಿತು. ಬೆಸುಗೆ ಬಿಟ್ಟಿರಬೇಕೆಂದು ಸರಳನ್ನು ಹೊರತೆಗೆದು ಎಲ್ಲವನ್ನೂ ಹೊಸದಾಗಿ ಬೆಸೆದೆ. ಮತ್ತೆ ಅದೇ ತಿರುವು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

1934ರಲ್ಲೇ ನೆದರ್ಲೆಂಡ್ಸಿನ ಲೈಡನ್‌ನಲ್ಲಿ ಡಿ ಹಾಸ್ ಮತ್ತು ಸಂಗಡಿಗರು ಚಿನ್ನದ ತಂತಿಯಲ್ಲಿ ಇಂಥ ತಿರುವನ್ನು ಕಂಡಿದ್ದರು. ಕಾರಣ ಹೇಳಿದವರು 1964ರಲ್ಲಿ, ಜಪಾನಿನ ಜುನ್ ಕೊಂಡೊ. ನನ್ನ ಮಟ್ಟಿಗೆ ಅದು ಆ ಕಾಲದ ಅತಿ ಸುಂದರ ಲೆಕ್ಕಗಳಲ್ಲೊಂದು. ಕಬ್ಬಿಣದ ಒಂದೊಂದು ಪರಮಾಣುವೂ ಪುಟ್ಟ ಅಯಸ್ಕಾಂತ. ಎಲೆಕ್ಟ್ರಾನಿಗೂ ಸ್ಪಿನ್ ಎಂಬ ಕಾಂತಗುಣವುಂಟು. ಎರಡೂ ಡಿಕ್ಕಿಯಾದಾಗ ಒಂದರ ದಿಕ್ಕನ್ನು ಇನ್ನೊಂದು ತಿರುಗಿಸಿಬಿಡಬಹುದು. ಕಾಂತಗುಣವಿಲ್ಲದ ಕಲಬೆರಕೆಯಾದರೆ ಬಂದ ಎಲೆಕ್ಟ್ರಾನುಗಳನ್ನೆಲ್ಲ ಒಂದೇ ತೆರನಾಗಿ ಚದುರಿಸುತ್ತದೆ. ಕಬ್ಬಿಣ ಹಾಗಲ್ಲ. ಹಿಂದಿನ ಎಲೆಕ್ಟ್ರಾನು ತಿರುಗಿಸಿ ಹೋದ ದಿಕ್ಕೇ ಮುಂದಿನದಕ್ಕೆ ಎದುರಾಗುತ್ತದೆ. ಹೀಗೆ ಒಂದರ ಮೇಲೊಂದು ಕೂಡುತ್ತ ಹೋದ ಚದುರುವಿಕೆ, ಉಷ್ಣತೆ ತಗ್ಗಿದಂತೆ ಲಾಗರಿದಮ್ ಲೆಕ್ಕದಲ್ಲಿ ಬೆಳೆಯುತ್ತದೆ.

ಆದರೆ ಆ ಲೆಕ್ಕವನ್ನು ಸೊನ್ನೆ ಕೆಲ್ವಿನ್ನಿನವರೆಗೆ ಎಳೆದರೆ ರೋಧ ಅನಂತವಾಗುತ್ತದೆ. ತಂತಿಯಲ್ಲಿ ಹಾಗೇನೂ ಆಗುವುದಿಲ್ಲ, ಏರಿಕೆ ಕಡೆಕಡೆಗೆ ಮಂದವಾಗುತ್ತದೆ. 1975ರಲ್ಲಿ ಕೆನೆತ್ ವಿಲ್ಸನ್ ಈ ಗಂಟನ್ನು ಬಿಡಿಸಿದರು: ತಣಿದಂತೆ ಸುತ್ತಲಿನ ಎಲೆಕ್ಟ್ರಾನುಗಳೆಲ್ಲ ಒಟ್ಟಾಗಿ ಕಬ್ಬಿಣದ ಕಾಂತಗುಣವನ್ನು ಮುಚ್ಚಿಬಿಡುತ್ತವೆ. ಪರಮಾಣು ಇದ್ದಲ್ಲೇ ಇರುತ್ತದೆ, ಅದರೊಳಗಿನ ಅಯಸ್ಕಾಂತ ಹೊರಗಿನವರಿಗೆ ಸಿಗದಂತಾಗುತ್ತದೆ.

ತಾಮ್ರದೊಳಗಿನ ಕಬ್ಬಿಣಕ್ಕೆ ಈ ಮುಸುಕು ಬೀಳತೊಡಗುವುದು ಹತ್ತಾರು ಕೆಲ್ವಿನ್‌ಗಳಲ್ಲೇ. ಕಬ್ಬಿಣದ ಬದಲು ಮ್ಯಾಂಗನೀಸ್ ಬೆರೆಸಿದರೆ ಒಂದು ಕೆಲ್ವಿನ್‌ಗಿಂತ ಬಹಳ ಕೆಳಗೆ ಹೋಗಬೇಕು. ಹೀಲಿಯಂ ಕುದಿಯುವ 4.2 ಕೆಲ್ವಿನ್ನಿನಲ್ಲಿ ಪಕ್ಕಪಕ್ಕದಲ್ಲಿ ತೂಗುಬಿಟ್ಟ ಎರಡು ತಂತಿಗಳ ಬಣ್ಣ ಒಂದೇ. ಒಂದರಲ್ಲಿ ಪುಟ್ಟ ಅಯಸ್ಕಾಂತಗಳು ಅಡಗಿ ಕೂತಿರುತ್ತವೆ, ಇನ್ನೊಂದರಲ್ಲಿ ಇನ್ನೂ ಎಚ್ಚರವಾಗಿರುತ್ತವೆ.