ಹಾಡಿಗೂ ಒಂದು ಚೀಟಿ

ಮನೆಯ ಒಂದು ಕಂಪ್ಯೂಟರಿನಲ್ಲಿ ಹಾಡು, ಚಲನಚಿತ್ರಗಳನ್ನು ಕೂಡಿಟ್ಟು ಟಿವಿಯಲ್ಲೋ ಫೋನಿನಲ್ಲೋ ತೆರೆಯುವ ವ್ಯವಸ್ಥೆಯೇ ಮೀಡಿಯಾ ಸರ್ವರ್. ಹಾಡಿನ ಹೆಸರು, ಹಾಡಿದವರು, ವರ್ಷ ಮೊದಲಾದ ವಿವರಗಳಿಗೆ ಮೆಟಾಡೇಟಾ ಎನ್ನುತ್ತಾರೆ. ಕ್ಯಾಸೆಟ್ ಡಬ್ಬಿಯ ಚೀಟಿ ಮಾಡುತ್ತಿದ್ದುದೂ ಇದೇ ಕೆಲಸ.

ಎಂಪಿ3 ಕಡತಕ್ಕೆ ಇಂಥ ಚೀಟಿ ಅಂಟಿಸುವ ಐಡಿ3 ಪದ್ಧತಿ 1996ರಲ್ಲಿ ಬಂದಿತು. ಒಟ್ಟು 128 ಬೈಟ್. ಗಾಯಕರ ಹೆಸರಿಗೆ ಕೇವಲ 30. ಯುಟಿಎಫ್-8 ಸಂಕೇತದಲ್ಲಿ ‘ಶಿಶುನಾಳ ಶರೀಫ’ ಎಂದು ಬರೆಯಲು 34 ಬೈಟ್ ಬೇಕು! 2000ದ 2.4 ಆವೃತ್ತಿಯಲ್ಲಿ ಈ ಇಕ್ಕಟ್ಟಿಲ್ಲ. ಗೀತೆ ರಚಿಸಿದವರಿಗೂ ಬೇರೆ ಕಾಲಂ ಉಂಟು.

ಈ ಕಾಲಂ ನಮಗೆ ಮುಖ್ಯ. ಶಿಗ್ಗಾಂವಿ ತಾಲ್ಲೂಕಿನ ಶರೀಫರು (1819–1889) ಪದ ಕಟ್ಟಿದವರು. ಸಿ. ಅಶ್ವಥ್ ಹಾಡಿದ ಪದಕ್ಕೆ ಶರೀಫರನ್ನೇ ಗಾಯಕರೆಂದು ನಮೂದಿಸಿದರೆ ಅಶ್ವಥ್ ಮರೆಯಾಗುತ್ತಾರೆ. ಕಾಗುಣಿತವೂ ಒಂದೇ ಇರಲಿ: ‘ಹಾನಗಲ್’, ‘ಹಾನಗಲ್ಲ’ ಎಂದು ಎರಡು ಬಗೆಯಾದರೆ ಪರದೆಯ ಮೇಲೆ ಗಂಗೂಬಾಯಿಯವರು ಇಬ್ಬರಾಗುತ್ತಾರೆ.

1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಹೆಸರು, ವರ್ಷ ಸರಿಯಿದ್ದರೆ ಜೆಲ್ಲಿಫಿನ್‌ನಂಥ ತಂತ್ರಾಂಶ ಉಳಿದ ವಿವರವನ್ನು ಅಂತರಜಾಲದಿಂದ ತಾನೇ ತರಬಲ್ಲದು. ಆದರೆ ಸವಣೂರಿನದೋ ಹಿರೇಕೆರೂರಿನದೋ ಒಂದು ಮನೆಯ ಸೋಬಾನೆ ಕ್ಯಾಸೆಟ್? ಕಂಪ್ಯೂಟರಿಗೆ ಅದು ಬರೀ ‘ಟ್ರ್ಯಾಕ್ 01’. ದನಿ ಯಾರದೆಂದು ಅಜ್ಜಿಗೆ ಮಾತ್ರ ಗೊತ್ತು. ಅವರ ಪಕ್ಕ ಕೂತು ಹಾಡು ಕೇಳಿಸಿ. ಹಾಡಿದವರ ಹೆಸರು, ಊರು, ಸಂದರ್ಭ ಬರೆದುಕೊಳ್ಳಿ. ವರ್ಷ ನೆನಪಿಲ್ಲವೇ? ಟಿಪ್ಪಣಿಯಲ್ಲಿ ‘ದೊಡ್ಡಮಗಳ ಮದುವೆಯ ವರ್ಷ’ ಎಂದಾದರೂ ಇರಲಿ. ಬರೆದದ್ದನ್ನು ಸರ್ವರಿನಲ್ಲಷ್ಟೇ ಬಿಡದೆ ಕಡತದೊಳಗೇ ಉಳಿಸಿ. ಕಡತ ಬೇರೆ ಕಂಪ್ಯೂಟರಿಗೆ ಹೋದರೂ ಚೀಟಿ ಜೊತೆಗೇ ಹೋಗುತ್ತದೆ.